ಅಕ್ಕಿ ಮೂಟೆಯ ತೂಕದ ದೋಣಿ

ನಮ್ಮ ಮನೆಯ ಹಿಂಬಾಗಿಲಿನಿಂದ ಸೀತಾ ನದಿಯ ದಡಕ್ಕೆ 140 ಹೆಜ್ಜೆ. ಎಣಿಸಿದ್ದು ನನ್ನ ಕಾಲಲ್ಲ, ನನ್ನ ಸೊಂಟ. ಅದು ಹೇಗೆಂಬುದು ಮುಂದೆ ಬರುತ್ತದೆ.

ನಿವೃತ್ತನಾದ ವರ್ಷ ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರಿನಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ, ಕಯಾಕ್ ಎಂಬ ಕಿರಿದಾದ ಸಣ್ಣ ದೋಣಿಯನ್ನು ಬಾಡಿಗೆಗೆ ಹಿಡಿದು ಒಂದು ಗಂಟೆ ಹುಟ್ಟು ಹಾಕಿ ಬಂದೆ. ‘ದೋಣಿಯ ವೇಗ ಗಂಟೆಗೆ ಇಷ್ಟು, ಹೊಳೆಯ ವೇಗ ಗಂಟೆಗೆ ಅಷ್ಟು’ ಎಂದು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕೊಟ್ಟವನು ಒಮ್ಮೆಯೂ ಆ ದೋಣಿಯಲ್ಲಿ ಕುಳಿತಿರಲಿಲ್ಲ. ಮನೆಗೆ ಬಂದವನೇ ನನ್ನದೇ ಒಂದು ಬೇಕು ಎಂದೆ. “ಅಲ್ಲ ಮಾರಾಯರೇ, ಇಷ್ಟು ವರ್ಷ ಹೊಳೆಗೆ ಬೆನ್ನು ಹಾಕಿ ಪೇಪರ್ ಓದಿದವರಿಗೆ ಈಗ ಇದೆಂಥದ್ದು?” ಎಂದಳು ಹೆಂಡತಿ. ಎಲ್ಲ ಸೇರಿ ₹25 ಸಾವಿರ ದಾಟುವುದಿಲ್ಲ ಎಂದು ಮಾತು ಕೊಟ್ಟೆ.

ಅಗ್ಗದ ವಸ್ತು ಕೊಳ್ಳಲು ಹೊರಟವನು ಮೊದಲು ಮಾಡುವ ಕೆಲಸ ದುಬಾರಿಯದನ್ನು ನೋಡುವುದು. ನಾನೂ ರಾತ್ರಿಯೆಲ್ಲ ಮೊಬೈಲಿನಲ್ಲಿ 16 ಅಡಿ ಉದ್ದದ, 22 ಅಂಗುಲ ಅಗಲದ, ಸೂಜಿಯಂಥ ಸಮುದ್ರ ಕಯಾಕುಗಳನ್ನು ನೋಡಿದೆ. ಬೆಳಗಾಗುವಷ್ಟರಲ್ಲಿ ಕಲ್ಪನೆಯಲ್ಲಿ ಕೋಡಿ ಬೆಂಗ್ರೆಯ ಅಳಿವೆ ದಾಟಿ ಅರಬ್ಬೀ ಸಮುದ್ರದಲ್ಲಿದ್ದೆ. ತಪ್ಪು ನನ್ನೊಬ್ಬನದಲ್ಲ, ಆಸ್ಕರ್ ಸ್ಪೆಕ್ ಎಂಬ ಜರ್ಮನ್ ಪುಣ್ಯಾತ್ಮನದೂ ಇದೆ. ಈತ 1932ರಲ್ಲಿ ಕೆಲಸವಿಲ್ಲದೆ, ಸೈಪ್ರಸ್ಸಿನ ತಾಮ್ರದ ಗಣಿಯಲ್ಲಿ ಏನಾದರೂ ಸಿಕ್ಕೀತೆಂದು ಉಲ್ಮ್ ಊರಿನಲ್ಲಿ ಡ್ಯಾನ್ಯೂಬ್ ನದಿಗೆ ತನ್ನ ಮಡಚುವ ಕಯಾಕ್ ಇಳಿಸಿದ. ಮರದ ಚೌಕಟ್ಟಿಗೆ ರಬ್ಬರು ಬಳಿದ ಬಟ್ಟೆ ಹೊದಿಸಿದ ದೋಣಿ. ಸೈಪ್ರಸ್ ಮುಟ್ಟಿದವನಿಗೆ ಗಣಿ ಬೇಡವಾಯಿತು, ನೀರೇ ಹಿಡಿಸಿತು. ಏಳು ವರ್ಷದ ಮೇಲೆ, 1939ರಲ್ಲಿ, ಆಸ್ಟ್ರೇಲಿಯಾದ ಸೈಬಾಯ್ ದ್ವೀಪ ತಲುಪಿದ. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿತ್ತು. ಶತ್ರು ದೇಶದವನೆಂದು ಹಿಡಿದು ಸೆರೆಯಲ್ಲಿಟ್ಟರು. ನಡುವೆ ಆತ ಭಾರತದ ಪಶ್ಚಿಮ ಕರಾವಳಿಯುದ್ದಕ್ಕೂ ಹುಟ್ಟು ಹಾಕಿಕೊಂಡು ಸಿಲೋನಿಗೆ ಹೋದ. ಅಂದರೆ ನಮ್ಮ ಅಳಿವೆಯ ಮುಂದಿನಿಂದಲೇ ಹಾದುಹೋಗಿರಬೇಕು. ಇದನ್ನು ಓದಿದ ಮೇಲೆ ಯಾರಿಗೆ ತಾನೇ ಹತ್ತಡಿಯ ಪ್ಲಾಸ್ಟಿಕ್ ದೋಣಿ ರುಚಿಸುತ್ತದೆ?

ಆದರೆ ಆತನಿಗೆ ಆಸ್ಟ್ರೇಲಿಯಾಕ್ಕೆ ಹೋಗುವುದಿತ್ತು. ನನಗೆ ಬೇಕಾದದ್ದು ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಆಚೆಯ ಕುದ್ರುವನ್ನು, ಅಂದರೆ ಹೊಳೆಯ ನಡುವಿನ ದ್ವೀಪವನ್ನು, ಒಂದು ಸುತ್ತು ಹಾಕಿ ಬರುವ ದೋಣಿ.

ಕಯಾಕನ್ನು ಮೊದಲು ಕಟ್ಟಿದ ಉತ್ತರ ಧ್ರುವದ ಕಡೆಯ ಇನ್ಯೂಟ್ ಬೇಟೆಗಾರರಿಗೆ ಈ ಗೊಂದಲವಿರಲಿಲ್ಲ. ತೇಲಿಬಂದ ಮರದ ಚೌಕಟ್ಟು, ಮೇಲೆ ಸೀಲ್ ಚರ್ಮ, ಅಳತೆ ಮಾತ್ರ ಕೂರುವವನ ಮೈಯದೇ. ಉದ್ದ ಅವನ ಮೂರು ಮಾರು. ಅಗಲ ಅವನ ಸೊಂಟ, ಜೊತೆಗೆ ಎರಡು ಮುಷ್ಟಿ. ಗೇಣು, ಮೊಳ, ಮಾರುಗಳಲ್ಲಿ ಇಂದಿಗೂ ಮಲ್ಲಿಗೆ ಕೊಳ್ಳುವ ನಮಗೆ ಇದು ಪರಕೀಯವೇನಲ್ಲ. ಹೆಂಡತಿಯ ಹೊಲಿಗೆ ಟೇಪು ಹಿಡಿದು ನನ್ನ ಸೊಂಟಕ್ಕೆ ಎರಡು ಮುಷ್ಟಿ ಕೂಡಿಸಿದೆ. ಬಂದ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಸೂಜಿಯಂಥ ದೋಣಿಗಳು ಅಂದೇ ಪಟ್ಟಿಯಿಂದ ಹೊರಟುಹೋದವು.

ಉಳಿದದ್ದು ಹತ್ತಡಿ ಉದ್ದದ, ಸುಮಾರು 30 ಅಂಗುಲ ಅಗಲದ, ಮೋಜಿನ ಕಯಾಕುಗಳು. ಅಗಲ ಹೆಚ್ಚಿದಷ್ಟೂ ಓಲಾಟ ಕಡಿಮೆ, ವೇಗವೂ ಕಡಿಮೆ. ವೇಗದಿಂದ ನನಗೇನಾಗಬೇಕು? ತೂಕ ಮಾತ್ರ 20ರಿಂದ 25 ಕಿಲೋ. ಅದೇನು ಮಹಾ ಎಂದುಕೊಂಡವನಿಗೆ ಅಡುಗೆಮನೆಯ ಮೂಲೆಯಲ್ಲಿ 25 ಕಿಲೋದ ಕುಚ್ಚಲಕ್ಕಿ ಮೂಟೆ ಕಾಣಿಸಿತು. ಎತ್ತಿ ಹೆಗಲಿಗೇರಿಸಿ ಹೊಳೆಯ ಕಡೆಗೆ ಹೊರಟೆ.

ತೆಂಗಿನ ತೋಟದವರೆಗೆ ಏನೂ ಅನ್ನಿಸಲಿಲ್ಲ. ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಮೇಲೆ ನಿಂತಾಗ ಅನ್ನಿಸಿತು. ಮೂಟೆಯಾದರೆ ಮೈಗೆ ಅಂಟಿಕೊಂಡು ಬರುತ್ತದೆ. ಹತ್ತಡಿಯ ದೋಣಿ ಗಾಳಿಗೆ ತಿರುಗುತ್ತದೆ, ಹಿಂದಿನ ತುದಿ ತೆಂಗಿನ ಮರಕ್ಕೆ ಬಡಿಯುತ್ತದೆ. 140ನೇ ಹೆಜ್ಜೆಗೆ ದಡದಲ್ಲಿ ಮೂಟೆ ಇಳಿಸಿ ಏದುಸಿರು ಬಿಡುತ್ತಿದ್ದಾಗ, ಬಲೆ ಬಿಡಿಸುತ್ತಿದ್ದ ಕಡವಿನ ಅಜ್ಜ ತಲೆಯೆತ್ತಿ, “ಅಕ್ಕಿ ಆಚೆ ದಡಕ್ಕಾ ಮಾಷ್ಟ್ರೇ? ಯಾರ ಮನೆಯಲ್ಲಿ ಊಟ?” ಎಂದರು. “ಅಕ್ಕಿಯಲ್ಲ, ದೋಣಿ” ಎಂದೆ. ಅಜ್ಜ ಮೂಟೆಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಲೆಗೆ ಕೈ ಹಾಕಿದರು.

ಹಾಗಾದರೆ ಗಾಳಿ ತುಂಬುವ ಕಯಾಕ್? ತೂಕ ಅರ್ಧ, ಬೆಲೆಯೂ ಹಗುರ, ಮಡಚಿದರೆ ಅಟ್ಟಕ್ಕೇರುತ್ತದೆ. ಕೊಂಡೇಬಿಡುತ್ತಿದ್ದೆ. ಆದರೆ ಇಳಿತದ ಹೊತ್ತು ನಮ್ಮ ಹೊಳೆಯ ಕಲ್ಲುಗಳಿಗಂಟಿದ ಚಿಪ್ಪುಗಳು ಮೇಲೇಳುತ್ತವೆ, ಒಂದೊಂದೂ ಬ್ಲೇಡು. ಬಳಸಿದ ಮೇಲೆ ಮಡಿಕೆಮಡಿಕೆಯನ್ನೂ ಒರೆಸಿ ಒಣಗಿಸದಿದ್ದರೆ ಬೂಷ್ಟು. ಹಪ್ಪಳ ಒಣಗಿಸಲಿಕ್ಕೇ ಬಿಸಿಲಿಗೆ ಕಾಯುವ ಊರು ನಮ್ಮದು. ಪೇಟೆಯಲ್ಲಿ ಫ್ಲಾಟಿನಲ್ಲಿದ್ದು, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಕೆರೆಗೆ ಹೋಗುವವನಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ಕೊಳ್ಳುತ್ತಿದ್ದೆ.

ಇನ್ನು ಗುಳಿಯೊಳಗೆ ಕಾಲು ತೂರಿಸಿ ಕೂರುವುದೋ, ಮಣೆಯ ಮೇಲೆ ಕುಳಿತಂತೆ ಮೇಲೆಯೇ ಕೂರುವುದೋ ಎಂಬ ಪ್ರಶ್ನೆ. ಒಳಗೆ ಕೂರುವುದರಲ್ಲಿ ಗಾಳಿಗೂ ಚಳಿಗೂ ಮರೆಯಿದೆ; ಮಗುಚಿದರೆ ಮಾತ್ರ ಬಾನಿಯಂತೆ ನೀರು ತುಂಬಿಕೊಳ್ಳುತ್ತದೆ. ಮೇಲೆ ಕೂರುವ ದೋಣಿಗೆ ತಳದವರೆಗೂ ಆರ್‌ಪಾರ್ ತೂತುಗಳು. ಹತ್ತಿದ ನೀರು ಅವುಗಳಲ್ಲೇ ಇಳಿದುಹೋಗುತ್ತದೆ, ಬಿದ್ದರೆ ದೋಣಿಯನ್ನು ಮತ್ತೆ ಮಗುಚಿ ಹತ್ತಬಹುದು. ಕೂತ ಜಾಗ ಸದಾ ಒದ್ದೆ ಎಂಬುದೊಂದೇ ದೂರು. ನಮ್ಮ ಸೆಕೆಗೆ ಅದು ದೂರೂ ಅಲ್ಲ. “ದುಡ್ಡು ಕೊಟ್ಟು ತೂತು ದೋಣಿ ತರುತ್ತೀರಾ?” ಎಂದು ಹೆಂಡತಿ ಕೇಳಿದಳು. ನನ್ನ ಮೊಣಕಾಲಿಗೆ ಒಳಗೆ ಹೋಗುವುದು ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ ಎಂದು ಸಮಾಧಾನ ಹೇಳಿದೆ.

ಹೊಸದರ ಬೆಲೆಗಿಂತ ಅದನ್ನು ಊರು ಮುಟ್ಟಿಸುವ ಲಾರಿ ಬಾಡಿಗೆ ಹೆದರಿಸಿತು. ಕೊನೆಗೆ ಹತ್ತಿರದ ಹೋಂಸ್ಟೇ ಒಂದರಲ್ಲಿ ಹಳೆಯದು ಮಾರಾಟಕ್ಕಿದೆ ಎಂದು ತಿಳಿಯಿತು. ಅಜ್ಜನನ್ನು ಕರೆದುಕೊಂಡು ಹೋದೆ. ಕಿತ್ತಳೆ ಬಣ್ಣ ಬಿಸಿಲಿಗೆ ಮಾಸಿ ಅನಾನಸಿನ ತಿರುಳಿನಂತಾಗಿತ್ತು. ಬಣ್ಣ ಹೋದರೆ ಹೋಗಲಿ, ಬಿರುಕು ಇರಬಾರದು: ಈ ಪಾಲಿಥಿಲೀನಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಬಿಸಿ ಮಾಡಿ ಬೆಸೆಯಬೇಕು. ನಾನು ಮೊಬೈಲ್ ಟಾರ್ಚು ಹಾಕಿ ತೂತುಗಳ ಸುತ್ತ ನೋಡುತ್ತಿದ್ದರೆ, ಅಜ್ಜ ಹಲಸಿನ ಹಣ್ಣಿಗೆ ಬಡಿಯುವಂತೆ ತಳಕ್ಕೆ ಬೆರಳಿನಿಂದ ಬಡಿಯುತ್ತ ಹೋದರು. “ಪಾತಿದೋಣಿಯಂತಲ್ಲ, ಆದರೂ ಅಡ್ಡಿಯಿಲ್ಲ” ಎಂದರು. ₹14 ಸಾವಿರಕ್ಕೆ ಮುಗಿಯಿತು.

ಉಳಿದ ಹಣದಲ್ಲಿ ಹೊಸ ಲೈಫ್ ಜಾಕೆಟ್ ಕೊಂಡೆ. ಅದನ್ನು ಹಳೆಯದು ಕೊಳ್ಳಬಾರದು. ಮಿಕ್ಕದ್ದು ಹುಟ್ಟಿಗೆ. ದೋಣಿಯನ್ನು ದಿನಕ್ಕೆರಡು ಬಾರಿ ಎತ್ತಿದರೆ ಮುಗಿಯಿತು. ಹುಟ್ಟನ್ನು ಗಂಟೆಗೆ ಸಾವಿರ ಸಲ ಎತ್ತಬೇಕು. ಹಗುರವಾದ 230 ಸೆಂಟಿಮೀಟರಿನ, ಎರಡೂ ತುದಿಗೆ ಅಲಗಿನ ಹುಟ್ಟು ಬಂತು. ಎರಡು ಗಾಲಿಯ ಕೈಗಾಡಿಯೂ ಬಂತು. ಸಂಕ ದಾಟಿಸುವಾಗ ಮಾತ್ರ ಒಂದು ತುದಿಯನ್ನು ಹೆಂಡತಿ ಹಿಡಿಯುತ್ತಾಳೆ, ಏನನ್ನೂ ಹೇಳುವುದಿಲ್ಲ. ಹೇಳುವುದಕ್ಕಿಂತ ಅದು ಜೋರಾಗಿ ಕೇಳಿಸುತ್ತದೆ.

ಮೊದಲ ದಿನ ಇಳಿತದ ಜೊತೆ ಅಳಿವೆಯ ಕಡೆಗೆ ಸರ್ರನೆ ಹೋದೆ. ನನಗೆ ಇಷ್ಟೊಂದು ಶಕ್ತಿಯಿದೆಯೇ ಎಂದು ಹಿಗ್ಗಿದೆ. ಹಿಂದಕ್ಕೆ ತಿರುಗಿದ ಮೇಲೆ ಶಕ್ತಿ ಯಾರದೆಂದು ತಿಳಿಯಿತು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದ ‘ದೋಣಿಯ ವೇಗದಿಂದ ಹೊಳೆಯ ವೇಗ ಕಳೆ’ ಎಂಬ ಲೆಕ್ಕದಲ್ಲಿ ಉತ್ತರ ಸೊನ್ನೆಯೂ ಬರಬಹುದೆಂದು ಹುಡುಗರಿಗೆ ನಾನು ಹೇಳಿರಲಿಲ್ಲ. ದಡದಲ್ಲಿದ್ದ ಅಜ್ಜ, “ಹೋಗಲಿಕ್ಕೆ ಯಾವ ದೋಣಿಯಾದರೂ ಆಗುತ್ತದೆ ಮಾಷ್ಟ್ರೇ. ಮೊದಲು ನೀರಿಗೆ ಎದುರು ಹೋಗಿ, ಬರುವಾಗ ಅದೇ ತರುತ್ತದೆ” ಎಂದರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬಿಸಿಲೇರಿದ ಮೇಲೆ ಪಡುವಣ ಗಾಳಿ ಬೇರೆ. ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಉಬ್ಬರದ ಲೆಕ್ಕವಿದೆ.

ನಾಲ್ಕನೆಯ ವಾರ ಅಜ್ಜ, ಒಮ್ಮೆ ನೋಡುತ್ತೇನೆ ಎಂದು ಕೂತರು. ಎರಡು ತಲೆಯ ಹುಟ್ಟನ್ನು ನಡುವೆ ಬಿಚ್ಚಿ, ಒಂದು ತುಂಡನ್ನು ನನ್ನ ಕೈಗೆ ಕೊಟ್ಟು, ಇನ್ನೊಂದರಿಂದಲೇ ಒಂದೇ ಬದಿಗೆ ಹಾಕುತ್ತ, ದೋಣಿಯನ್ನು ನೂಲು ಹಿಡಿದಂತೆ ನೇರವಾಗಿ ಕಾಂಡ್ಲಾದ ಒಳಗೆ ಕೊಂಡೊಯ್ದರು. ಒಂದು ಗಂಟೆಯ ಮೇಲೆ ನಾಲ್ಕು ಏಡಿಗಳೊಂದಿಗೆ ಬಂದರು. ಇಷ್ಟು ಸಣ್ಣ ಸಂದಿಗೆ ತಮ್ಮ ಪಾತಿದೋಣಿ ಹೋಗುವುದಿಲ್ಲವಂತೆ. ಕೈಗಾಡಿ ಈಗ ಅವರ ಮನೆಯ ಜಗಲಿಯ ಕೆಳಗಿದೆ. ಶನಿವಾರ, ಭಾನುವಾರ ಬೆಳಿಗ್ಗೆ ಬೇಕಾದರೆ ನಾನು ಹಿಂದಿನ ದಿನವೇ ಹೇಳಿಡಬೇಕು.