ಸೊನ್ನೆಗೂ ಒಂದು ರೇಟು

ಕನ್ನಡದಲ್ಲಿ ‘ಕಟ್ಟುವುದು’ ಅನ್ನುವ ಮಾತು ಒಂದೇ, ಅದು ಮಾಡುವ ಕೆಲಸ ಮೂರು. ಮನೆ ಕಟ್ಟುತ್ತೇವೆ. ಫೀಸು ಕಟ್ಟುತ್ತೇವೆ. ಡುಮ್ಕಿ ಹೊಡೆದರೆ ಪರೀಕ್ಷೆಯನ್ನೂ ಕಟ್ಟುತ್ತೇವೆ. “ಏನಪ್ಪಾ, ಈ ಸಲ ಎಷ್ಟು ಸಬ್ಜೆಕ್ಟ್ ಕಟ್ಟಿದೀಯ?” ಅಂತ ಊರಿನಲ್ಲಿ ಯಾರಾದರೂ ಕೇಳಿದರೆ ಅದು ಗಾರೆ ಕೆಲಸದ ವಿಚಾರ ಅಲ್ಲ ಅಂತ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ಯೂನಿವರ್ಸಿಟಿಗಳಿಗೆ ಕನ್ನಡ ಬರುವುದಿಲ್ಲ. ಆದರೂ ಈ ಮೂರನ್ನೂ ಒಂದೇ ಕೋರ್ಸಿನೊಳಗೆ ತುರುಕಿವೆ. ಅದರ ಹೆಸರು ಫೌಂಡೇಶನ್ ಇಯರ್. ಅಂದರೆ ಡಿಗ್ರಿ ಶುರುವಾಗುವ ಮೊದಲು ಓದುವ ಅಡಿಪಾಯದ ವರ್ಷ.

ಹದಿಮೂರು ವರ್ಷ ಶಾಲೆಯಲ್ಲಿ ಗೋಡೆ ಎಬ್ಬಿಸಿ, ಕಿಟಕಿ ಕೂರಿಸಿ, ಸುಣ್ಣ ಬಳಿದಾದ ಮೇಲೆ “ಈಗ ಪಾಯ ತೋಡೋಣ್ವಾ?” ಅಂತ ಬರುವ ಮೇಸ್ತ್ರಿಯನ್ನು ನಮ್ಮ ಕಡೆ ಅಟ್ಟಿಸಿಕೊಂಡು ಹೋಗುತ್ತಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಕೂರಿಸಿ ಟೀ ಕೊಟ್ಟು ಅಡ್ವಾನ್ಸ್ ಕೊಡುತ್ತಾರೆ.

ನಾನು ಇದನ್ನು ಹತ್ತಿರದಿಂದ ನೋಡಿದ್ದು 2025ರ ಆಗಸ್ಟ್ 14ರಂದು. ಎ ಲೆವೆಲ್, ಅಂದರೆ ಶಾಲೆ ಮುಗಿಸುವಾಗಿನ ಕೊನೆಯ ಪರೀಕ್ಷೆಯ ಫಲಿತಾಂಶದ ದಿನ. ಸ್ಲೌ ಊರಿನಲ್ಲಿರುವ ನನ್ನ ಗೆಳೆಯನ ಮಗನಿಗೆ ಇಂಜಿನಿಯರಿಂಗ್ ಸೀಟಿಗೆ ಬೇಕಿದ್ದದ್ದು ಎ, ಬಿ, ಬಿ. ಬಂದದ್ದು ಸಿ, ಸಿ, ಡಿ. ಮನೆಯಲ್ಲಿ ಸೂತಕ. ಮಾಡಿಟ್ಟಿದ್ದ ಕೇಸರಿಬಾತ್ ಮುಚ್ಚಿದ ಪಾತ್ರೆಯಲ್ಲೇ ತಣ್ಣಗಾಗುತ್ತಿತ್ತು.

ಆ ಎ, ಬಿ, ಬಿ ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. ಇಲ್ಲಿ ಪರೀಕ್ಷೆಗೆ ತಿಂಗಳುಗಟ್ಟಲೆ ಮೊದಲೇ ಮಕ್ಕಳು ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಾರೆ. ಮಾರ್ಕ್ಸೇ ಇಲ್ಲದೆ ಹೇಗೆ ಅಂದಿರಾ? ಟೀಚರ್ ಭವಿಷ್ಯ ಹೇಳುತ್ತಾರೆ. ‘ಈ ಹುಡುಗನಿಗೆ ಇಷ್ಟು ಬರಬಹುದು’ ಅಂತ. ಅದನ್ನು ನಂಬಿ ಯೂನಿವರ್ಸಿಟಿ ಷರತ್ತಿನ ಸೀಟು ಕೊಡುತ್ತದೆ. ಈ ಭವಿಷ್ಯ ಎಷ್ಟು ನಿಜವಾಗುತ್ತದೆ ಅಂತ 2016ರಲ್ಲಿ ಲಂಡನ್ನಿನ ಸಂಶೋಧಕರೊಬ್ಬರು ಲೆಕ್ಕ ಹಾಕಿದರು. ಹೇಳಿದಷ್ಟೇ ಬಂದದ್ದು ನೂರಕ್ಕೆ 16 ಮಕ್ಕಳಿಗೆ. ಟಿವಿಯಲ್ಲಿ ಬೆಳಿಗ್ಗೆ ರಾಶಿಫಲ ಹೇಳುವವರು ಇದಕ್ಕಿಂತ ಕೆಟ್ಟದಾಗಿ ಹೇಳಿದರೆ ಚಾನೆಲ್ಲಿನವರು ಮನೆಗೆ ಕಳಿಸುತ್ತಾರೆ.

ಹುಡುಗನ ಅಮ್ಮನಿಗೆ ಬೇರೆಯೇ ಲೆಕ್ಕ ಹೊಳೆದಿತ್ತು. 2021ರಲ್ಲಿ ಕೊರೊನಾ ಅಂತ ಪರೀಕ್ಷೆ ನಡೆಯಲಿಲ್ಲ, ಟೀಚರುಗಳೇ ಗ್ರೇಡು ಕೊಟ್ಟರು. ನೂರಕ್ಕೆ ಸುಮಾರು 45 ಗ್ರೇಡು ಎ ಅಥವಾ ಎ ಸ್ಟಾರ್. 2019ರಲ್ಲಿ ಅದು 25 ಇತ್ತು. 2023ರಲ್ಲಿ ಮತ್ತೆ ಕಿವಿ ಹಿಂಡಿ 27ಕ್ಕೆ ಇಳಿಸಿದರು. “ನಾಲ್ಕು ವರ್ಷ ಮೊದಲೇ ಮದುವೆ ಆಗೋಣ ಅಂದೆ. ಸೈಟು ತಗೊಂಡ ಮೇಲೆ ಅಂದ್ರು ಇವರು,” ಅಂತ ಗಂಡನ ಕಡೆ ನೋಡಿದರು. ಗೆಳೆಯ ಟೀವಿ ರಿಮೋಟು ಹುಡುಕತೊಡಗಿದ.

ಆಗ ಶುರುವಾಯಿತು ಕ್ಲಿಯರಿಂಗ್. ಉಳಿದ ಸೀಟುಗಳ ಹಬ್ಬದ ಮಾರಾಟ ಅನ್ನಿ. ಗೆಳೆಯ ಒಂದು ಯೂನಿವರ್ಸಿಟಿಗೆ ಫೋನ್ ಹಚ್ಚಿ ಮಗನ ಕೈಗೆ ಕೊಟ್ಟ, ಸ್ಪೀಕರ್ ಹಾಕಿಸಿದ. ಅತ್ತ ಕಡೆಯ ಹುಡುಗಿ ಬಹಳ ನಯವಾಗಿ ಹೇಳಿದಳು: ನಿನ್ನ ಗ್ರೇಡು ನಮ್ಮ ಇಂಜಿನಿಯರಿಂಗ್‌ಗೆ ಸಾಲುವುದಿಲ್ಲ, ಕ್ಷಮಿಸು. ಅರ್ಧ ನಿಮಿಷ ಕೀಲಿಮಣೆಯ ಟಕಟಕ ಸದ್ದು. ಆಮೇಲೆ ದನಿ ಒಮ್ಮೆಲೇ ಅರಳಿತು. ಅದೇ ಇಂಜಿನಿಯರಿಂಗ್, ಅದೇ ಕ್ಯಾಂಪಸ್, ಆದರೆ ಫೌಂಡೇಶನ್ ಇಯರ್ ಸಮೇತ ಆದರೆ ಈಗಲೇ ಸೀಟು ಕೊಡುತ್ತೇವೆ. ಮೂರು ವರ್ಷಕ್ಕೆ ಸಾಲದ ಮಾರ್ಕ್ಸು ನಾಲ್ಕು ವರ್ಷಕ್ಕೆ ಸಾಕು. ಒಂದು ಕೇಜಿಗೆ ದುಡ್ಡು ಸಾಲದವನಿಗೆ ಅಂಗಡಿಯವನು ಒಂದೂವರೆ ಕೇಜಿ ತೂಗಿ ಕೊಟ್ಟಂತೆ.

ಆ ಮೊದಲ ವರ್ಷವನ್ನು ಅವರ ಭಾಷೆಯಲ್ಲಿ ‘ಇಯರ್ ಝೀರೋ’ ಅನ್ನುತ್ತಾರೆ. ಸೊನ್ನೆ ವರ್ಷ. ಪ್ರಪಂಚಕ್ಕೆ ಸೊನ್ನೆ ಕೊಟ್ಟವರು ನಾವು ಅಂತ ಎದೆ ಉಬ್ಬಿಸುತ್ತೇವಲ್ಲ, ಅದಕ್ಕೆ ರೇಟು ಹಾಕುವುದು ನಮಗೆ ತೋಚಲೇ ಇಲ್ಲ. ಇವರು ಹಾಕಿದ್ದಾರೆ. 2025-26ಕ್ಕೆ ಇಂಜಿನಿಯರಿಂಗಿನ ಒಂದು ಸೊನ್ನೆ ವರ್ಷಕ್ಕೆ 9,535 ಪೌಂಡ್. ನಮ್ಮ ದುಡ್ಡಿನಲ್ಲಿ ಹನ್ನೊಂದು ಲಕ್ಷದ ಹತ್ತಿರ.

ಅವತ್ತು ಆ ಮನೆಯಲ್ಲಿ ಖುಷಿಯಾಗಿದ್ದವರು ಒಬ್ಬರೇ. ಗೆಳೆಯನ ಸೋದರಮಾವ. ಬೇಸಿಗೆಗೆ ಅಂತ ತಿಪಟೂರಿನಿಂದ ಬಂದಿದ್ದರು. ಅವರು ಸೈಕಲ್ ಶಾಪಿನ ಮೇಲಿನ ಎರಡು ಕೋಣೆಯಲ್ಲಿ ಮೂವತ್ತು ವರ್ಷ ಟ್ಯುಟೋರಿಯಲ್ ನಡೆಸಿದವರು. ‘ಫೇಲಾದವರಿಗೆ ಸುವರ್ಣಾವಕಾಶ’ ಅಂತ ಬೋರ್ಡು. ಈ ಧಂದೆಯ ಒಳಹೊರಗು ಬಲ್ಲವರು. ಫೋನ್ ಇಟ್ಟ ಕೂಡಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ಈ ಕೋರ್ಸಲ್ಲಿ ಏನು ಹೇಳ್ಕೊಡ್ತಾರೆ?”

ಗಣಿತ, ಭೌತಶಾಸ್ತ್ರ. ಬಹುಪಾಲು ಎ ಲೆವೆಲ್‌ನಲ್ಲಿ ಇದ್ದದ್ದೇ.

“ಅಂದ್ರೆ ಫೇಲಾದ ಸಿಲಬಸ್ಸೇ. ಸರಿ. ಪೇಪರ್ ಯಾರು ತೆಗೀತಾರೆ?”

ಎ ಲೆವೆಲ್ ಆದರೆ ಎಕ್ಯೂಎ, ಎಡೆಕ್ಸೆಲ್, ಓಸಿಆರ್ ಅಂತ ಹೊರಗಿನ ಬೋರ್ಡುಗಳಿವೆ. ಯಾರೋ ಕಾಣದ ಮೇಷ್ಟ್ರು ತಿದ್ದುತ್ತಾರೆ. ಫೌಂಡೇಶನ್‌ಗೆ ಯೂನಿವರ್ಸಿಟಿಯೇ ಪೇಪರ್ ತೆಗೆಯುತ್ತದೆ, ಯೂನಿವರ್ಸಿಟಿಯೇ ತಿದ್ದುತ್ತದೆ.

ಮಾವ ಕನ್ನಡಕ ತೆಗೆದರು. “ಪಾಠ ಮಾಡೋರೂ ಅವರೇ, ಪೇಪರ್ ತೆಗೆಯೋರೂ ಅವರೇ, ಮಾರ್ಕ್ಸ್ ಹಾಕೋರೂ ಅವರೇ? ಪಾಸಾದ್ರೆ ಮುಂದಿನ ಮೂರು ವರ್ಷದ ಫೀಸೂ ಅವರಿಗೇನಾ?”

ಹೌದು ಮಾವ.

“ಅಯ್ಯೋ ದೇವರೇ. ನನಗೆ ಇದರಲ್ಲಿ ಒಂದೇ ಒಂದು ಕೊಟ್ಟಿದ್ರೂ ಸಾಕಿತ್ತು.”

ಅವರ ದುಃಖ ನನಗೆ ಅರ್ಥವಾಯಿತು. ನಮ್ಮಲ್ಲಿ ಟ್ಯುಟೋರಿಯಲ್ ಅಂದರೆ ಹಿಂಬಾಗಿಲು, ಮಾನ ಹೋಗುವ ವಿಷಯ. ಹುಡುಗರು ಪುಸ್ತಕವನ್ನು ಶರ್ಟಿನೊಳಗೆ ಮುಚ್ಚಿಕೊಂಡು ಬರುತ್ತಿದ್ದರಂತೆ. ಇಲ್ಲಿ ಅದೇ ಟ್ಯುಟೋರಿಯಲ್ಲಿಗೆ ಕ್ಯಾಂಪಸ್ ಇದೆ, ಈಜುಕೊಳ ಇದೆ, ಹೊಸಬರ ವಾರ ಅಂತ ಪಾರ್ಟಿ ಇದೆ. ಮಗ ಮನೆಯಲ್ಲೇ ಕೂತು ಪರೀಕ್ಷೆ ಕಟ್ಟುತ್ತಿದ್ದಾನೆ ಅಂದರೆ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಮೌನ. ‘ಯೂನಿಗೆ ಹೋದ’ ಅಂದರೆ ನಲವತ್ತು ಹೂಗುಚ್ಛ. ಸೊನ್ನೆ ವರ್ಷದ ಫೀಸಿನಲ್ಲಿ ಪಾಠಕ್ಕೆ ಎಷ್ಟು, ಈ ಹೂಗುಚ್ಛಕ್ಕೆ ಎಷ್ಟು ಅಂತ ಯಾರಾದರೂ ಒಡೆದು ಹೇಳಬೇಕಿತ್ತು.

ಹಾಗಾದರೆ ಸುಮ್ನೆ ಪರೀಕ್ಷೆಯನ್ನೇ ಮತ್ತೆ ಕಟ್ಟಬಹುದಲ್ವಾ? ಕಟ್ಟಬಹುದು. ಆದರೆ ಈ ದೇಶಕ್ಕೆ ಮರುಪರೀಕ್ಷೆಯ ಮೇಲಿರುವ ಪ್ರೀತಿ ವಿಚಿತ್ರವಾದದ್ದು. ಹದಿನಾರನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಇಂಗ್ಲಿಷು, ಗಣಿತದಲ್ಲಿ ಪಾಸಿಗೆ ಬೇಕಾದ 4ನೇ ಗ್ರೇಡು ಬರಲಿಲ್ಲ ಅಂದರೆ ಬಿಡುವುದೇ ಇಲ್ಲ. ಕಾಲೇಜಿನಲ್ಲಿ ಕೂದಲು ಕತ್ತರಿಸುವುದು ಕಲಿಯಲು ಸೇರಿದರೂ ಸರಿ, ಗಣಿತ ಓದುತ್ತಲೇ ಇರಬೇಕು. ಇದು 2014ರಿಂದ ಇರುವ ನಿಯಮ. ಓದಿಸದಿದ್ದರೆ ಕಾಲೇಜಿಗೆ ಬರುವ ಸರ್ಕಾರದ ದುಡ್ಡಿಗೇ ಕತ್ತರಿ. ಫಲ? 2025ರಲ್ಲಿ ಹದಿನೇಳು ದಾಟಿದವರಲ್ಲಿ ಗಣಿತದಲ್ಲಿ ದಡ ಸೇರಿದ್ದು ನೂರಕ್ಕೆ ಸುಮಾರು 17. ಆರು ಜನ ಕೂತರೆ ಐದು ಜನ ಮತ್ತೆ ಡುಮ್ಕಿ. ಮತ್ತೆ ನವೆಂಬರಿಗೆ ಕೂರಿ. ಮತ್ತೆ ಜೂನಿಗೆ ಕೂರಿ.

ಅದೇ ಮಗುವಿಗೆ ಹದಿನೆಂಟಾಗಿ, ‘ಸಾರ್, ನಾನೇ ಇಷ್ಟಪಟ್ಟು ಮತ್ತೆ ಬರೀತೀನಿ’ ಅಂದರೆ? ಶಾಲೆಯವರು ಕೈ ಕುಲುಕಿ ಬಾಗಿಲ ತನಕ ಬಿಟ್ಟು ಬರುತ್ತಾರೆ. ಬೇಡ ಅನ್ನುವವನನ್ನು ಹಿಡಿದು ಕೂರಿಸುವುದು, ಬೇಕು ಅನ್ನುವವನನ್ನು ಗೇಟಿನ ಆಚೆ ನಿಲ್ಲಿಸುವುದು. ಹುಡುಗನ ಶಾಲೆ ಇ-ಮೇಲ್‌ನಲ್ಲಿ ಅದನ್ನೇ ಮಾಡಿತು. ಇನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬೇಕು. ಪರೀಕ್ಷಾ ಕೇಂದ್ರವನ್ನು ತಾನೇ ಹುಡುಕಿಕೊಳ್ಳಬೇಕು. ಮೊದಲು ಜನವರಿಯಲ್ಲೂ ಎ ಲೆವೆಲ್ ಪರೀಕ್ಷೆ ಇತ್ತು. ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೂ ಹಿಂದೆಯೇ ಅದನ್ನು ತೆಗೆದುಹಾಕಿದರು. ಆಗಸ್ಟ್‌ನಲ್ಲಿ ನಾಲ್ಕು ಮಾರ್ಕ್ಸಿಗೆ ಗ್ರೇಡು ತಪ್ಪಿದವನು ಮುಂದಿನ ಮೇ ತನಕ ಆಕಾಶ ನೋಡುತ್ತಾ ಕೂರಬೇಕು. ಬಂದಾಗಲೂ ತಪ್ಪಿದ ಒಂದು ಪೇಪರ್ ಮಾತ್ರ ಬರೆಯುತ್ತೇನೆ ಅನ್ನುವ ಹಾಗಿಲ್ಲ. ಆ ವಿಷಯದ ಅಷ್ಟೂ ಲಿಖಿತ ಪೇಪರು ಮೊದಲಿನಿಂದ. ಮೆಡಿಕಲ್ ಆದರೆ ಇನ್ನೂ ಚೆಂದ. ಮತ್ತೆ ಬರೆದು ಒಳ್ಳೆ ಗ್ರೇಡು ತಂದರೂ ಎಷ್ಟೋ ಕಾಲೇಜುಗಳು ‘ಎರಡನೇ ಸಲ ಬಂದದ್ದಾ?’ ಅಂತ ಮೂಗು ಮುರಿಯುತ್ತವೆ. ಹುಡುಗಿ ನೋಡಲು ಬಂದವರು ‘ಹಿಂದೆ ಎಲ್ಲಾದ್ರೂ ಮಾತಾಗಿತ್ತಾ?’ ಅಂತ ಕೇಳಿದಂತೆ.

“ನಮ್ಮದೇ ವಾಸಿ,” ಅಂದರು ಮಾವ, ಸ್ವಲ್ಪ ಅಭಿಮಾನದಿಂದ. ತಪ್ಪೇನಿಲ್ಲ. 2024ರಿಂದ ಕರ್ನಾಟಕದಲ್ಲಿ ‘ಪೂರಕ ಪರೀಕ್ಷೆ’ ಅನ್ನುವ ಪದವನ್ನೇ ಹೂತರು. ಅದರ ಬದಲು ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ಬಂದವು. 2025ರ ಪಿಯುಸಿಯಲ್ಲಿ ಮಾರ್ಚ್‌ನಲ್ಲಿ ಬಿದ್ದವನು ಏಪ್ರಿಲ್ ಕೊನೆಗೆ ಮತ್ತೆ ಎದ್ದ, ಆಗಲೂ ಬಿದ್ದರೆ ಜೂನ್‌ನಲ್ಲಿ ಇನ್ನೊಂದು ಸಲ. ಎದ್ದೂ ಬಿದ್ದೂ ಬರೆದರೂ ಮಾವಿನ ಹಣ್ಣಿನ ಕಾಲ ಮುಗಿಯುವುದರೊಳಗೆ ಮೂರು ಪರೀಕ್ಷೆ. ಅದಾದ ಮೇಲೆ ಪಾಸಿನ ಗೆರೆಯನ್ನೇ 35ರಿಂದ 33ಕ್ಕೆ ಇಳಿಸಿದರು. ಹಾರಲಾರದವನಿಗೆ ಹಾರುವುದು ಕಲಿಸುವ ಬದಲು ಬೇಲಿಯನ್ನೇ ತಗ್ಗಿಸುವುದು ನಮ್ಮ ದಾರಿ. ಬೇಲಿಯ ಪಕ್ಕ ಗೇಟು ಇಟ್ಟು ಟಿಕೆಟ್ ಹರಿಯುವುದು ಅವರ ದಾರಿ. ಅಂದ ಹಾಗೆ ಪಿಯುಸಿ ಅಂದರೆ ಪ್ರೀ ಯೂನಿವರ್ಸಿಟಿ ಕೋರ್ಸ್ ತಾನೇ? ಯೂನಿವರ್ಸಿಟಿಗೆ ಮೊದಲಿನ ಓದು. ಈ ಹನ್ನೊಂದು ಲಕ್ಷದ ಸರಕು ಇಷ್ಟು ವರ್ಷ ನಮ್ಮ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಸೋರುವ ಹೆಂಚಿನ ಕೆಳಗೆ ಬಿದ್ದಿತ್ತು. ಗೊತ್ತೇ ಆಗಲಿಲ್ಲ ನೋಡಿ.

ಒಂದು ಮಾತು ನ್ಯಾಯಕ್ಕೆ. ಎಲ್ಲ ಅಡಿಪಾಯವೂ ಹೀಗಲ್ಲ. ಕೇಂಬ್ರಿಡ್ಜ್ 2022ರಲ್ಲಿ, ಆಕ್ಸ್‌ಫರ್ಡ್ 2023ರಲ್ಲಿ ಒಂದೊಂದು ಫೌಂಡೇಶನ್ ಇಯರ್ ಶುರುಮಾಡಿದವು. ಕಷ್ಟದ ಮನೆಗಳಿಂದ ಬಂದು ಓದು ಎಡವಿದ ಮಕ್ಕಳಿಗಾಗಿ. ಫೀಸು ಇಲ್ಲ. ಆದರೆ ಸೀಟುಗಳನ್ನು ಒಂದು ಬಸ್ಸಿನೊಳಗೆ ಎಣಿಸಿಬಿಡಬಹುದು. ಉಳಿದ ಕಡೆ ರೈಲೇ ಓಡುತ್ತಿದೆ. ಇಂಗ್ಲೆಂಡಿನಲ್ಲಿ 2011-12ರಲ್ಲಿ ಎಂಟೂವರೆ ಸಾವಿರದಷ್ಟು ಜನ ಸೊನ್ನೆ ವರ್ಷಕ್ಕೆ ಸೇರಿದ್ದರು. ಹತ್ತು ವರ್ಷದಲ್ಲಿ ಅದು 69 ಸಾವಿರ ದಾಟಿತು. ಅದರಲ್ಲಿ ಅರ್ಧದಷ್ಟು ಜನ ಬಿಸಿನೆಸ್ ಕೋರ್ಸಿನವರು. ಬಿಸಿನೆಸ್ ಅಂದರೇನು ಅನ್ನುವುದನ್ನು ಅವರಿಗೆ ಫೀಸಿನ ರಸೀದಿಯಲ್ಲೇ ಕಲಿಸಿಬಿಟ್ಟಿದ್ದಾರೆ ಅನಿಸುತ್ತದೆ.

ಇದನ್ನು ಸರ್ಕಾರ ನೋಡದೆ ಇರಲಿಲ್ಲ. 2019ರಲ್ಲೇ ಒಂದು ಸಮಿತಿ, ಈ ಸೊನ್ನೆ ವರ್ಷಕ್ಕೆ ಸಾಲ ಕೊಡುವುದನ್ನು ನಿಲ್ಲಿಸಿ ಅಂದಿತ್ತು. ಸರ್ಕಾರ ಆರು ವರ್ಷ ಯೋಚಿಸಿತು. ಕೊನೆಗೆ 2025ರ ಆಗಸ್ಟ್‌ನಿಂದ, ಬರೀ ತರಗತಿಯಲ್ಲಿ ಕೂತು ಕಲಿಯುವ ಸೊನ್ನೆಗೆ 5,760 ಪೌಂಡ್ ಮಿತಿ ಅಂತ ಮಾಡಿತು. ಲ್ಯಾಬ್ ಇರುವ ಸೊನ್ನೆಗೆ ಹಳೆಯಂತೆ ಪೂರಾ ರೇಟು. ಹೀಗೆ ಜಗತ್ತಿನಲ್ಲಿ ಮೊದಲ ಬಾರಿಗೆ ಸಣ್ಣ ಸೊನ್ನೆ, ದೊಡ್ಡ ಸೊನ್ನೆ ಅಂತ ಎರಡಾದವು. ನಮ್ಮ ಹುಡುಗ ಇಂಜಿನಿಯರಿಂಗ್ ಆದ್ದರಿಂದ ದೊಡ್ಡ ಸೊನ್ನೆ.

“ಅಷ್ಟು ದುಡ್ಡು ಕೈಯಿಂದ ಕೊಡ್ಬೇಕಾ?” ಅಂತ ಮಾವ ಕೊನೆಗೆ ಕೇಳಿದರು.

ಇಲ್ಲ, ಸಾಲ. 2023ರಿಂದ ಸೇರಿದವರಿಗೆ ಹೊಸ ನಿಯಮ. ಓದು ಮುಗಿದ ಮೇಲೆ ವರ್ಷಕ್ಕೆ 25,000 ಪೌಂಡ್‌ಗಿಂತ ಜಾಸ್ತಿ ದುಡಿದರೆ, ಆ ಜಾಸ್ತಿಯ ಮೇಲೆ ನೂರಕ್ಕೆ 9ರಂತೆ ಮುರಿದುಕೊಳ್ಳುತ್ತಾರೆ. ನಲವತ್ತು ವರ್ಷ ಆದರೂ ತೀರದಿದ್ದರೆ ಮನ್ನಾ. ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ ಅಂತ ಹುಡುಗ ಮೂರನೇ ಕ್ಲಾಸಿನಲ್ಲಿ ಕಲಿತಿದ್ದ. ಅರವತ್ತು ದಾಟಿದ ಮೇಲೆ, ಮೊಮ್ಮಗನಿಗೆ ಮಗ್ಗಿ ಹೇಳಿಕೊಡುವಾಗ, ಅವನು ಆ ಪಾಠವನ್ನು ತಿದ್ದಬೇಕಾಗಬಹುದು.

ಮಾವ ಬಹಳ ಹೊತ್ತು ಮಾತಾಡಲಿಲ್ಲ. “ನಾನು ಬಡ್ಡಿ ಹಾಕ್ಲಿಲ್ಲ. ಎರಡು ಕಂತು ಮಾಡ್ಕೊಟ್ಟೆ. ಅದರಲ್ಲೂ ಅರ್ಧ ಜನ ಎರಡನೇ ಕಂತು ಕೊಡ್ಲಿಲ್ಲ,” ಅಂದರು. ಅಷ್ಟು ಹೇಳಿ ತಾವೇ ಎದ್ದು ಹೋಗಿ ಕೇಸರಿಬಾತ್ ಪಾತ್ರೆಯ ಮುಚ್ಚಳ ತೆಗೆದರು.

ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು. ಗೆಳೆಯ ಎಕ್ಸೆಲ್ ಹಾಳೆ ಮಾಡಿದ. ಒಂದು ಕಡೆ ಮರುಪರೀಕ್ಷೆ, ಇನ್ನೊಂದು ಕಡೆ ಸೊನ್ನೆ. ದುಡ್ಡಿನ ಸಾಲಿನಲ್ಲಿ ಮರುಪರೀಕ್ಷೆ ಸಲೀಸಾಗಿ ಗೆದ್ದಿತು. ಹುಡುಗ ಮಾತ್ರ ಆ ಹಾಳೆ ನೋಡಲೇ ಇಲ್ಲ. ಅಷ್ಟರಲ್ಲಿ ಹಾಸ್ಟೆಲ್ ಕೋಣೆಯ ಫೋಟೋ ಬಂದಿತ್ತು.

ಸೆಪ್ಟೆಂಬರ್‌ನಲ್ಲಿ ಅವನನ್ನು ಬಿಟ್ಟು ಬಂದರು. ವಾರದೊಳಗೆ ಫೋನು. ಗಣಿತಕ್ಕೆ ಒಂದು ಪುಸ್ತಕ ಬೇಕಂತೆ, ಎ ಲೆವೆಲ್‌ದೇ ಆದರೂ ನಡೆಯುತ್ತದಂತೆ. ಗೆಳೆಯನ ಹೆಂಡತಿ ಫಲಿತಾಂಶ ಬಂದ ಮರುದಿನವೇ ‘ಇವು ನನ್ನ ಕಣ್ಣಿಗೆ ಬೀಳಬಾರದು’ ಅಂತ ಅಷ್ಟೂ ಪುಸ್ತಕವನ್ನು ಬೀದಿ ಕೊನೆಯ ಚಾರಿಟಿ ಅಂಗಡಿಗೆ ಕೊಟ್ಟಿದ್ದರು. ಗೆಳೆಯ ಓಡಿದ. ಕಪಾಟಿನಲ್ಲಿ ಅದಿನ್ನೂ ಇತ್ತು. ಮೂರು ಪೌಂಡ್ ಕೊಟ್ಟು ತಂದು ನನಗೆ ತೋರಿಸಿದ. ಮೊದಲ ಪುಟದಲ್ಲಿ ಮಗನ ಹೆಸರು ದುಂಡಗೆ ಬರೆದಿತ್ತು. ಐದನೇ ಅಧ್ಯಾಯದಿಂದಾಚೆ ಹಾಳೆಗಳು ಹೊಚ್ಚ ಹೊಸದರಂತೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು.