ನೀಲಿ ಟೋಪಿ

ಇವತ್ತು ಒಂದು ಶಾಲೆಯಲ್ಲಿ ವಿಶ್ವಸಂಸ್ಥೆ ದಿನದ ಭಾಷಣ ಸ್ಪರ್ಧೆ. ನಿವೃತ್ತ ಮೇಷ್ಟ್ರು ತೀರ್ಪುಗಾರನಾಗಿ ಪುಕ್ಕಟೆ ಸಿಗುತ್ತಾನೆ ಅಂತ ಎಲ್ಲರಿಗೂ ಗೊತ್ತಲ್ವಾ, ಹೋಗಿದ್ದೆ. ಏಳನೇ ಕ್ಲಾಸಿನ ಒಬ್ಬ ಹುಡುಗ ನೀಲಿ ಡ್ರಾಯಿಂಗ್ ಶೀಟಿಗೆ ಪಿನ್ ಹೊಡೆದು ಟೋಪಿ ಮಾಡಿಕೊಂಡು ಬಂದಿದ್ದ. "ಶಾಂತಿಪಾಲಕರು ಇರುವಲ್ಲಿ ಅಮಾಯಕರಿಗೆ ಭಯವಿಲ್ಲ" ಅಂತ ಕೈ ಎತ್ತಿ ಮುಗಿಸಿದ. ಚಪ್ಪಾಳೆಯೋ ಚಪ್ಪಾಳೆ. ನನಗೆ ಮಾತ್ರ ಹೊಟ್ಟೆ ಕಿವುಚಿದ ಹಾಗಾಯ್ತು.

ಆಫ್ರಿಕಾದ ರುವಾಂಡಾದ ರಾಜಧಾನಿ ಕಿಗಾಲಿಯಲ್ಲೂ ಒಂದು ಶಾಲೆ ಇತ್ತು. 1994ರ ಏಪ್ರಿಲ್‌ನಲ್ಲಿ ಸುಮಾರು ಎರಡು ಸಾವಿರ ಜನ, ಹೆಚ್ಚಿನವರು ಹುಟು ಉಗ್ರರು ಹುಡುಕಿ ಕೊಲ್ಲುತ್ತಿದ್ದ ಟುಟ್ಸಿ ಜನಾಂಗದವರು, ಅಲ್ಲಿಗೆ ಓಡಿ ಬಂದಿದ್ದರು. ಯಾಕೆ? ಒಳಗೆ ವಿಶ್ವಸಂಸ್ಥೆ ಶಾಂತಿಪಡೆಯ ನೀಲಿ ಟೋಪಿ ಹಾಕಿದ ಬೆಲ್ಜಿಯಂ ಸೈನಿಕರಿದ್ದಾರೆ ಅಂತ. ಗೇಟಿನಾಚೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಏಪ್ರಿಲ್ 11ಕ್ಕೆ ಸೈನಿಕರು ಗಾಡಿ ಹತ್ತಿ ಹೊರಟೇಬಿಟ್ಟರು. ಬಿಟ್ಟು ಹೋಗಬೇಡಿ ಅಂತ ಜನ ಗಾಡಿಗೆ ಅಡ್ಡ ಬಂದರೂ ನಿಲ್ಲಲಿಲ್ಲ. ಅವತ್ತೇ ಕೊಲೆ ಶುರು.

"ಅವರ ಕೈ ಕಟ್ಟಿತ್ತು ಸಾರ್, ಹತ್ತು ಜನ ಬೆಲ್ಜಿಯಂ ಸೈನಿಕರನ್ನೇ ಕೊಂದಿದ್ದರಲ್ಲ" ಅಂತ ಯಾರಾದರೂ ಕಾಮೆಂಟ್ ಹಾಕುತ್ತೀರಿ, ಗೊತ್ತು. ಸರಿ, ಕೈ ಕಟ್ಟಿದ್ದು ಯಾರಪ್ಪ? ಹುಟು ಉಗ್ರರು ಆಯುಧ ಬಚ್ಚಿಟ್ಟಿದ್ದಾರೆ, ಹೋಗಿ ಹಿಡಿಯುತ್ತೇನೆ ಅಂತ ಆ ಶಾಂತಿಪಡೆಯ ಮುಖ್ಯಸ್ಥ ರೋಮಿಯೋ ದಲೇರ್ ಜನವರಿ 11ಕ್ಕೇ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಗೆ ಬರೆದಿದ್ದರು. ಬೇಡ ಅಂದರು. ಊರೆಲ್ಲ ಹೆಣ ಬೀಳುತ್ತಿರುವಾಗ, ಏಪ್ರಿಲ್ 21ರಂದು, ಭದ್ರತಾ ಮಂಡಳಿ ಪಡೆಯನ್ನು 270 ಜನಕ್ಕೆ ಇಳಿಸೋಣ ಅಂತ ಒಮ್ಮತದಿಂದ ತೀರ್ಮಾನಿಸಿತು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗ ಬಿಚ್ಚಿಟ್ಟ ಹಾಗೆ! ತಮ್ಮ ದೇಶದವರನ್ನು ಕರೆದೊಯ್ಯಲು ಮಾತ್ರ ಫ್ರಾನ್ಸ್, ಬೆಲ್ಜಿಯಂ ಸೈನಿಕರು ಕೆಲವೇ ದಿನಗಳಲ್ಲಿ ವಿಮಾನದಲ್ಲಿ ಬಂದಿಳಿದಿದ್ದರು. ಅದಕ್ಕೆ ಯಾರ ಕೈಯೂ ಕಟ್ಟಿರಲಿಲ್ಲ.

ಅದೇ ಶಾಂತಿಪಡೆಯಲ್ಲಿದ್ದ ಸೆನೆಗಲ್‌ನ ಕ್ಯಾಪ್ಟನ್ ಎಂಬಾಯ್ ಡಿಯಾನ್ ಕೈಯಲ್ಲಿ ಒಂದು ಬಂದೂಕೂ ಇರಲಿಲ್ಲ. ದಾರಿಯುದ್ದಕ್ಕೂ ಕೊಲೆಗಡುಕರ ತಡೆಗೇಟು. ಅವರ ಜೊತೆ ನಗುತ್ತಾ, ತಮಾಷೆ ಮಾಡುತ್ತಾ, ಗಾಡಿಯಲ್ಲಿ ಒಂದು ಸಲಕ್ಕೆ ನಾಲ್ಕೈದು ಜನರನ್ನು ಕೂರಿಸಿಕೊಂಡು ದಾಟಿಸುತ್ತಿದ್ದ, ಮತ್ತೆ ವಾಪಸ್ ಹೋಗುತ್ತಿದ್ದ. ಹೀಗೆ ನೂರಾರು ಜನರನ್ನು ಉಳಿಸಿ ಮೇ 31ಕ್ಕೆ ಶೆಲ್ ಸಿಡಿದು ಸತ್ತ. ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಹೋದರು. ಕೈ ಕಟ್ಟಿತ್ತಂತೆ!

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾನಾ? ಇಪ್ಪತ್ತೆರಡು ವರ್ಷ "ವಿಶ್ವಸಂಸ್ಥೆ ಸ್ಥಾಪನೆ, 1945 ಅಕ್ಟೋಬರ್ 24, ಒಂದು ಅಂಕ" ಅಂತ ಉರು ಹೊಡೆಸಿದವನು. ಒಮ್ಮೆ ಒಬ್ಬಳು ಹುಡುಗಿ "ಸಾರ್, ಕಾಯೋಕೆ ಬಂದವರೇ ಓಡಿಹೋದ್ರೆ?" ಅಂತ ಕೇಳಿದ್ದಳು. ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದಿದ್ದೆ.

ಇವತ್ತೂ ಆ ಹುಡುಗನಿಗೇ ಮೊದಲ ಬಹುಮಾನ ಕೊಟ್ಟು ಬಂದೆ. ಟೋಪಿ ಚೆನ್ನಾಗಿ ಮಾಡಿದ್ದ.