ದಾನಪತ್ರ ತಾನಾಗಿ ರದ್ದಾಗಲ್ಲ

ಸಾಲ ತಪ್ಪಿಸಲು ಮನೆಯವರ ಹೆಸರಿಗೆ ಆಸ್ತಿ ಬರೆದರೆ ಆ ಪತ್ರ ತಾನಾಗಿಯೇ ರದ್ದು ಅಂತ ಬರೆದಿದ್ದೀರಿ. ಇಲ್ಲ ಸಾರ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಪ್ರಕಾರ, ಸಾಲ ಕೊಟ್ಟವರು ಕೇಳಿದರೆ ಮಾತ್ರ ಕೋರ್ಟು ಅದನ್ನು ರದ್ದು ಮಾಡಬಹುದು. ದಾವೆಯನ್ನೂ ಸಾಲ ಕೊಟ್ಟ ಎಲ್ಲರ ಪರವಾಗಿ ಹಾಕಬೇಕು. ಸುಮ್ನೆ ಕೂತರೆ ಪತ್ರ ಗಟ್ಟಿಯಾಗಿಯೇ ಇರುತ್ತದೆ.

ನನ್ನ ಕೇಸಿನಲ್ಲಿ ಸಾಲದ ನೋಟಿಸ್ ಕೈಗೆ ಸಿಕ್ಕ ಒಂಬತ್ತನೇ ದಿನ, ಸಾಲ ತೀರಿಸಬೇಕಿದ್ದ ಆಸಾಮಿ ಮನೆಯನ್ನು ಮಗನಿಗೆ ದಾನ ಮಾಡಿದ. ಆದರೆ ಜಾಗ ಬಿಟ್ಟು ಕದಲಲಿಲ್ಲ, ಮೇಲಿನ ಮಹಡಿಯ ಬಾಡಿಗೆಯನ್ನೂ ಅವನೇ ಎಣಿಸಿಕೊಳ್ಳುತ್ತಿದ್ದ! ದಾನ ಸಾಲ ತಪ್ಪಿಸಲೆಂದೇ ಮಾಡಿದ್ದು ಅಂತ ತೋರಿಸಲು ನಮ್ಮ ಕೈ ಹಿಡಿದದ್ದು ಆ ತಾರೀಖು ಮತ್ತು ಬಾಡಿಗೆ ರಸೀದಿಗಳು. ಮಗ ಅಷ್ಟರಲ್ಲಿ ಅದನ್ನು ಏನೂ ಗೊತ್ತಿಲ್ಲದವರಿಗೆ ಸರಿಯಾದ ಬೆಲೆಗೆ ಮಾರಿದ್ದರೆ ಕಷ್ಟವಿತ್ತು. ಪ್ರಾಮಾಣಿಕವಾಗಿ ದುಡ್ಡು ಕೊಟ್ಟು ಕೊಂಡವರನ್ನು ಈ ಕಲಂ ಮುಟ್ಟಲ್ಲ.